‘ಪ್ರಷ್ಯಾ’ ಎಂದರೆ ಯಾವೂರು? ಜರ್ಮನ್ ಮೂಲ ಹುಡುಕುವ, ದಾಯಾದಿಗಳನ್ನು ಕೂಡಿಸುವ ಬಗೆ

ಪ್ರಶ್ನೆ: ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ನನ್ನ ಹೆಂಡತಿಯ ಅಜ್ಜನ ಅಜ್ಜ 1850ರ ದಶಕದಲ್ಲಿ ಜರ್ಮನಿಯಿಂದ ಬಂದು ಇಲ್ಲಿ ಜಮೀನು ಮಾಡಿದವರು. ಲುಥರನ್ ಪಂಥದವರು, ಎಂಟು ಮಕ್ಕಳು. ಜನಗಣತಿಯ ಹಾಳೆಯಲ್ಲಿ ಹುಟ್ಟಿದ ಸ್ಥಳ ‘ಪ್ರಷ್ಯಾ’ ಎಂದಷ್ಟೇ ಇದೆ. ಊರು ಪತ್ತೆಯಾದ ಮೇಲೆ, ಇನ್ನೆರಡು ವರ್ಷದೊಳಗೆ, ಅವರ ಸಂತತಿಯವರನ್ನೆಲ್ಲ ಒಂದೆಡೆ ಸೇರಿಸಬೇಕೆಂದಿದ್ದೇವೆ. ಎಲ್ಲಿಂದ ಶುರುಮಾಡಬೇಕು?

ಉತ್ತರ: ನಿಮ್ಮ ಯೋಜನೆ ಚೆನ್ನಾಗಿದೆ, ಕ್ರಮ ಮಾತ್ರ ತಿರುವುಮುರುವಾಗಿದೆ. ಊರು ಸಿಕ್ಕಮೇಲೆ ಬಂಧುಗಳನ್ನು ಕರೆಯುತ್ತೇವೆ ಎನ್ನುತ್ತೀರಿ. ಬಂಧುಗಳನ್ನು ಹುಡುಕುತ್ತ ಹೋದರೆ ಊರು ಸಿಗುತ್ತದೆ, ಬಹಳ ಸಲ ನಡೆಯುವುದೇ ಹೀಗೆ. ಆ ಕಾಲದಲ್ಲಿ ಹಡಗು ಹತ್ತಿದವರ ಹಳ್ಳಿಯ ಹೆಸರು ಸರ್ಕಾರಿ ಕಾಗದಗಳಲ್ಲಿ ಅಪರೂಪ. ಅದು ಉಳಿಯುವುದು ಮನೆಯ ಕಾಗದಗಳಲ್ಲಿ: ದೀಕ್ಷಾಸ್ನಾನದ ಪ್ರಮಾಣಪತ್ರ, ಹಳೆಯ ಪಾಸ್‌ಪೋರ್ಟು, ಸೈನ್ಯದಿಂದ ಬಿಡುಗಡೆಯಾದ ಚೀಟಿ, ಬೈಬಲಿನ ಮೊದಲ ಹಾಳೆ, ಹುಟ್ಟೂರಿನಲ್ಲೇ ಉಳಿದ ತಮ್ಮ ಬರೆದ ಪತ್ರ. ಇವನ್ನು ಎಂಟು ಮಕ್ಕಳಿಗೆ ಪಾಲು ಮಾಡಿ ಹಂಚುವುದಿಲ್ಲ. ಒಂದು ಮನೆಯಲ್ಲಿ, ಸಾಮಾನ್ಯವಾಗಿ ಮುಪ್ಪಿನಲ್ಲಿ ತಂದೆತಾಯಿಯನ್ನು ನೋಡಿಕೊಂಡ ಮಗನ ಅಥವಾ ಕಿರಿಮಗಳ ಮನೆಯಲ್ಲಿ, ಪೆಟ್ಟಿಗೆಯೊಳಗೆ ಕೂತುಬಿಡುತ್ತವೆ. ನಿಮ್ಮ ಹೆಂಡತಿ ಆ ಎಂಟು ಕವಲುಗಳಲ್ಲಿ ಒಂದಕ್ಕೆ ಸೇರಿದವರು. ಉಳಿದ ಏಳು ಕವಲುಗಳನ್ನು ಕೇಳದೆ ಜರ್ಮನಿಗೆ ಪತ್ರ ಬರೆಯುವುದು, ಮನೆಯೊಳಗೆ ಬೀಗದಕೈ ಇಟ್ಟುಕೊಂಡು ಊರ ಕಮ್ಮಾರನನ್ನು ಕರೆದಂತೆ.

ಜರ್ಮನಿಗೇ ಮೊದಲು ಹೋದರೆ ಏಕೆ ಕೆಲಸವಾಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ನಮ್ಮ ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಮನೆತನದ ತಲೆಮಾರುಗಳನ್ನು ಹೇಳುವ ಹೆಳವರಂಥವರು ಅಲ್ಲಿಲ್ಲ. ಆ ಲೆಕ್ಕ ಬರೆದಿಟ್ಟವನು ಹಳ್ಳಿಯ ಪಾದ್ರಿ. ಹುಟ್ಟು, ಮದುವೆ, ಸಾವು ಎಲ್ಲವೂ ಅವನ ರಿಜಿಸ್ಟರಿನಲ್ಲಿವೆ. ಆದರೆ ಆ ರಿಜಿಸ್ಟರು ಒಂದು ಚರ್ಚಿಗೆ ಒಂದು. ಆ ಕಾಲದ ಇಡೀ ದೇಶಕ್ಕೊಂದು ಹೆಸರಿನ ಪಟ್ಟಿ ಎಂಬುದು ಜರ್ಮನಿಯಲ್ಲಿಲ್ಲ. ಇಡೀ ಪ್ರಷ್ಯಾದಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಜಾರಿಗೆ ಬಂದದ್ದೇ 1874ರ ಅಕ್ಟೋಬರ್ 1ರಂದು, ಇಡೀ ಸಾಮ್ರಾಜ್ಯಕ್ಕೆ ಬಂದದ್ದು 1876ರ ಜನವರಿ 1ರಂದು. ನಿಮ್ಮವರು ಅಷ್ಟರಲ್ಲಿ ವಿಸ್ಕಾನ್ಸಿನ್‌ನಲ್ಲಿ ಇಪ್ಪತ್ತು ಬೆಳೆ ತೆಗೆದಿದ್ದರು.

ಇನ್ನು ‘ಪ್ರಷ್ಯಾ’ ಎನ್ನುವ ಮಾತು. ಪಶ್ಚಿಮದ ರೈನ್ ನದಿಯ ಸೀಮೆಯಿಂದ ಪೂರ್ವದಲ್ಲಿ ಇಂದಿನ ಲಿಥುವೇನಿಯಾದ ಅಂಚಿನವರೆಗೆ ಹರಡಿದ್ದ ರಾಜ್ಯವದು. ಒಂದು ಜರ್ಮನಿ ಎಂಬುದು ಆದದ್ದು 1871ರಲ್ಲಿ. ಜೊತೆಗೆ ರಾಜ್ಯಗಳು ಕೈ ಬದಲಾಯಿಸುತ್ತಿದ್ದವು. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲರನ್ನೇ ತೆಗೆದುಕೊಳ್ಳಿ. ಅವರು 1832ರಲ್ಲಿ ಹುಟ್ಟಿದ್ದು ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ. ಆಗ ಅದು ಹ್ಯಾನೋವರ್ ರಾಜ್ಯ, 1866ರಿಂದ ಪ್ರಷ್ಯಾ, ಇಂದು ಲೋವರ್ ಸ್ಯಾಕ್ಸನಿ. ಊರು ಒಂದಡಿಯೂ ಕದಲಿಲ್ಲ. ಹಾಗಾಗಿ ನಿಮ್ಮವರ ಹೆಸರನ್ನು 1860, 1870, 1880ರ ಮೂರೂ ಜನಗಣತಿಗಳಲ್ಲಿ ನೋಡಿ. 1860ರಲ್ಲಿ ‘ಹ್ಯಾನೋವರ್’ ಎಂದೂ 1880ರಲ್ಲಿ ‘ಪ್ರಷ್ಯಾ’ ಎಂದೂ ಇದ್ದರೆ ಅದು ತಪ್ಪಲ್ಲ, ದೊಡ್ಡ ಸುಳಿವು. 1866ರಲ್ಲಿ ಪ್ರಷ್ಯಾ ನುಂಗಿದ ರಾಜ್ಯಗಳು ಕೆಲವೇ: ಹ್ಯಾನೋವರ್, ಹೆಸ್ಸೆ-ಕಾಸೆಲ್, ನಾಸಾವ್, ಶ್ಲೆಸ್ವಿಗ್-ಹೋಲ್‌ಸ್ಟೈನ್, ಫ್ರಾಂಕ್‌ಫರ್ಟ್. ಮೂರರಲ್ಲೂ ‘ಪ್ರಷ್ಯಾ’ ಎಂದೇ ಇದ್ದು, ಸುತ್ತಲಿನವರೂ ಲುಥರನ್ನರಾಗಿದ್ದರೆ, ಮೊದಲು ಬಾಲ್ಟಿಕ್ ಕಡಲತೀರದ ಪ್ರಷ್ಯನ್ ಪ್ರಾಂತವಾದ ಪೊಮೆರಾನಿಯಾವನ್ನು ಅನುಮಾನಿಸಿ. 1839ರಲ್ಲಿ ಫ್ರೈಸ್ಟಾಟ್‌ನಲ್ಲಿ ನೆಲೆನಿಂತ ಹಳೆ-ಲುಥರನ್ (ಪ್ರಷ್ಯಾದ ಸರ್ಕಾರಿ ಚರ್ಚನ್ನು ಒಪ್ಪದ) ಕುಟುಂಬಗಳಿಂದ ಮೊದಲ್ಗೊಂಡು ವಿಸ್ಕಾನ್ಸಿನ್‌ಗೆ ಪೊಮೆರಾನಿಯಾದವರು ಸಾಲುಸಾಲಾಗಿ ಬಂದಿದ್ದಾರೆ.

ಅಮೆರಿಕದ ಕಾಗದಗಳಲ್ಲಿ ಏನು ನೋಡಬೇಕು

ಮೊದಲು ಚರ್ಚು. ಆ ಕುಟುಂಬ ಸೇರಿದ್ದ ಲುಥರನ್ ಚರ್ಚಿನ ಮೂಲ ರಿಜಿಸ್ಟರು ಜರ್ಮನ್ ಭಾಷೆಯಲ್ಲಿರುತ್ತದೆ. ಪಾದ್ರಿಯೂ ಜರ್ಮನಿಯಿಂದ ಬಂದವನೇ ಆದ್ದರಿಂದ ಊರಿನ ಹೆಸರು ಅವನ ಕಿವಿಗೆ ಸರಿಯಾಗಿ ಬಿದ್ದಿರುತ್ತದೆ. ಹುಡುಕಬೇಕಾದ್ದು ಮುಖ್ಯವಾಗಿ ಸಾವಿನ ದಾಖಲೆಯನ್ನು. ಸತ್ತವರ ಹುಟ್ಟೂರು, ವಯಸ್ಸು ವರ್ಷ-ತಿಂಗಳು-ದಿನಗಳ ಲೆಕ್ಕದಲ್ಲಿ, ಅಲ್ಲಿ ಇರುವ ಸಂಭವ ಹೆಚ್ಚು. ಅನೇಕರು ಗಂಡಸಿನ ದಾಖಲೆ ನೋಡಿ, ಇಲ್ಲವೆಂದು ಪುಸ್ತಕ ಮುಚ್ಚಿಬಿಡುತ್ತಾರೆ. ಹೆಂಡತಿಯದು, ಅವನ ಅಣ್ಣತಮ್ಮಂದಿರದು, ಅಮೆರಿಕಕ್ಕೆ ಬರುವ ಮೊದಲೇ ಹುಟ್ಟಿದ ಹಿರಿಯ ಮಕ್ಕಳದು, ಎಲ್ಲವನ್ನೂ ನೋಡಬೇಕು. ಚರ್ಚು ಮುಚ್ಚಿಹೋಗಿದ್ದರೆ ಪುಸ್ತಕ ಪಕ್ಕದ ಊರಿನ ಚರ್ಚಿಗೋ ಅವರ ಸಿನೋಡಿನ (ಚರ್ಚುಗಳ ಒಕ್ಕೂಟದ) ಪತ್ರಾಗಾರಕ್ಕೋ ಹೋಗಿರುತ್ತದೆ. ಮಿಸ್ಸೌರಿ ಸಿನೋಡಿನವರಾದರೆ ಸೇಂಟ್ ಲೂಯಿಯ ಕಾನ್‌ಕಾರ್ಡಿಯಾ ಹಿಸ್ಟಾರಿಕಲ್ ಇನ್‌ಸ್ಟಿಟ್ಯೂಟನ್ನು ಕೇಳಬಹುದು.

ಎರಡನೆಯದು ಸ್ಮಶಾನ. ಹಳೆಯ ಕಲ್ಲುಗಳಲ್ಲಿ ‘ಗೆಬೋರೆನ್ ಇನ್’ (ಇಂಥಲ್ಲಿ ಹುಟ್ಟಿದವರು) ಎಂದು ಊರಿನ ಹೆಸರೇ ಇರುವುದುಂಟು. ಆದರೆ ಹೆಂಗಸರ ಕಲ್ಲಿನಲ್ಲಿ ‘ಗೆಬ್.’ ಎಂದು ಬರೆದು ಮುಂದೆ ಒಂದು ಹೆಸರಿದ್ದರೆ ಅದು ಊರಲ್ಲ, ತವರುಮನೆಯ ಹೆಸರು. ಇದನ್ನು ಊರೆಂದು ತಿಳಿದು ನಕ್ಷೆ ಹುಡುಕುತ್ತ ತಿಂಗಳು ಕಳೆದವರಿದ್ದಾರೆ.

ಪೌರತ್ವದ ಕಾಗದ ಮೂರನೆಯದು. 1906ರ ಸೆಪ್ಟೆಂಬರ್ 27ಕ್ಕೆ ಮೊದಲು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಅರ್ಜಿ ಹಾಕಬಹುದಿತ್ತು, ಒಂದೇ ನಮೂನೆ ಇರಲಿಲ್ಲ, ಹಳ್ಳಿಯ ಹೆಸರನ್ನು ಕೇಳುತ್ತಲೂ ಇರಲಿಲ್ಲ. ಆದರೂ ಬಿಡಬೇಡಿ. ಯಾವ ದೊರೆಯ ನಿಷ್ಠೆಯನ್ನು ತೊರೆಯುತ್ತೇನೆ ಎಂದು ಅಲ್ಲಿ ಬರೆಯಲೇಬೇಕಿತ್ತು. ‘ಪ್ರಷ್ಯಾದ ರಾಜ’ ಎಂದಿದೆಯೋ ‘ಹ್ಯಾನೋವರಿನ ರಾಜ’ ಎಂದಿದೆಯೋ ನೋಡಿದರೆ ಹುಡುಕಾಟದ ಸೀಮೆ ಅರ್ಧವಾಗುತ್ತದೆ. ವಿಸ್ಕಾನ್ಸಿನ್‌ನದೊಂದು ವಿಶೇಷ: 1848ರಿಂದ 1908ರವರೆಗೆ ಇಲ್ಲಿ ಪೌರತ್ವದ ಇಚ್ಛೆ ಘೋಷಿಸಿದರೆ ಸಾಕು, ಮತ ಹಾಕಬಹುದಿತ್ತು. ಹಾಗಾಗಿ ಬಹಳ ಮಂದಿ ‘ಮೊದಲ ಕಾಗದ’ಕ್ಕೇ ನಿಲ್ಲಿಸಿದರು. ಎರಡನೆಯದು ಸಿಗಲಿಲ್ಲವೆಂದು ಬೇರೆ ಕೌಂಟಿಗಳಲ್ಲಿ ಅಲೆಯಬೇಡಿ, ಅದು ಇಲ್ಲದೆಯೇ ಇರಬಹುದು. ಈ ಹಳೆಯ ಕಡತಗಳು ಈಗ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ಪ್ರಾದೇಶಿಕ ಸಂಶೋಧನಾ ಕೇಂದ್ರಗಳಲ್ಲಿವೆ. 1907ಕ್ಕೆ ಮೊದಲಿನ ಜನನ, ಮದುವೆ, ಮರಣಗಳ ಸೂಚಿಯೂ ಅದೇ ಸೊಸೈಟಿಯ ಬಳಿ ಇದೆ.

ಹಡಗಿನ ಪಟ್ಟಿಯ ಮೇಲೆ ಎಲ್ಲರಿಗೂ ಮೋಹ ಹೆಚ್ಚು. ಅದರಿಂದ ನಿಮಗೆ ಸಿಗುವುದು ಕಡಿಮೆ. ನ್ಯೂಯಾರ್ಕಿನಲ್ಲಿ ಇಳಿದವರ ಅಂದಿನ ಪಟ್ಟಿಗಳಲ್ಲಿ ‘ಪ್ರಷ್ಯಾ’, ‘ಜರ್ಮನಿ’ ಅಷ್ಟೇ. ಎಲ್ಲಿಸ್ ಐಲ್ಯಾಂಡ್ ತೆರೆದದ್ದು 1892ರಲ್ಲಿ, ನಿಮ್ಮವರು ಅಲ್ಲಿ ಕಾಲಿಟ್ಟಿರಲು ಸಾಧ್ಯವಿಲ್ಲ. ‘ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ ನಮ್ಮ ಹೆಸರು ಕೆಡಿಸಿದ’ ಎಂಬ ಕತೆ ನಿಮ್ಮ ಮಾವನ ಮನೆಯಲ್ಲೂ ಇದ್ದರೆ ನಕ್ಕು ಸುಮ್ಮನಾಗಿ. ಯೂರೋಪಿನ ಬಂದರುಗಳ ಪಟ್ಟಿಯಲ್ಲಿ ಊರಿತ್ತು ನಿಜ. ಹ್ಯಾಂಬರ್ಗಿನವು 1850ರಿಂದ 1934ರವರೆಗೆ ಉಳಿದಿವೆ. ನೇರ ಹಡಗಿನ ಪಟ್ಟಿ ಬೇರೆ, ಇಂಗ್ಲೆಂಡಿನ ದಾರಿಯಾಗಿ ಹೋದವರ ಪಟ್ಟಿ ಬೇರೆ, ಎರಡನ್ನೂ ನೋಡಬೇಕು. ಬ್ರೆಮೆನ್‌ನಿಂದ ಹೋಗಿದ್ದರೆ ಆ ದಾರಿ ಮುಚ್ಚಿದಂತೆಯೇ: ಜಾಗ ಸಾಲದೆಂದು ಹಳೆಯ ಪಟ್ಟಿಗಳನ್ನು ಅಲ್ಲಿನವರೇ ನಾಶಮಾಡಿದರು, ಮಿಕ್ಕವು ಎರಡನೇ ಮಹಾಯುದ್ಧದಲ್ಲಿ ಹೋದವು, ಈಗಿರುವುದು ಬಹುಮಟ್ಟಿಗೆ 1920ರಿಂದ 1939ರವು. ಕೆನಡಾದ ಕ್ವಿಬೆಕ್‌ನಲ್ಲಿಳಿದು ಸರೋವರಗಳ ದಾರಿಯಲ್ಲಿ ವಿಸ್ಕಾನ್ಸಿನ್ ಸೇರಿದವರೂ ಬಹಳ, ಆ ಬಂದರಿನ ಪಟ್ಟಿಗಳು ಸರಿಯಾಗಿ ಸಿಗುವುದು 1865ರಿಂದ ಈಚೆಗೆ. ಹ್ಯಾಂಬರ್ಗನ್ನು ಒಂದು ಸಂಜೆ ಹುಡುಕಿ, ಸಿಗದಿದ್ದರೆ ಬಿಟ್ಟು ಮುಂದೆ ನಡೆಯಿರಿ.

ಅದಕ್ಕಿಂತ ಫಲ ಕೊಡುವುದು ನೆರೆಹೊರೆ. ಒಂದೇ ಹಳ್ಳಿಯವರು ಒಬ್ಬರ ಹಿಂದೊಬ್ಬರು ಬಂದು ಒಂದೇ ಟೌನ್‌ಶಿಪ್ಪಿನಲ್ಲಿ ಜಮೀನು ಹಿಡಿಯುತ್ತಿದ್ದರು. ಹಳೆಯ ಜಮೀನು ನಕ್ಷೆಯಲ್ಲಿ ಸುತ್ತಲಿನ ಹನ್ನೆರಡು ಹೊಲಗಳ ಹೆಸರು ಬರೆದುಕೊಳ್ಳಿ. ನಿಮ್ಮವರ ಮಕ್ಕಳ ದೀಕ್ಷಾಸ್ನಾನಕ್ಕೆ ಜ್ಞಾನತಂದೆ-ಜ್ಞಾನತಾಯಿಯರಾಗಿ ನಿಂತವರ ಹೆಸರೂ ಬರೆದುಕೊಳ್ಳಿ. ಎರಡೂ ಪಟ್ಟಿಯಲ್ಲಿ ಬರುವ ಮನೆತನಗಳ ಹುಟ್ಟೂರನ್ನು ಅವರ ಸಂತತಿಯವರು ಆಗಲೇ ಹುಡುಕಿಟ್ಟಿರಬಹುದು. ನಿಮ್ಮವರ ಊರು ಬಹುಶಃ ಅದೇ, ಇಲ್ಲವೇ ಅದಕ್ಕೆ ಎರಡು ಮೈಲಿ ಈಚೆ ಆಚೆ.

ಹೆಸರಿನ ಗೋಜಲು ಇಲ್ಲೇ ಹೇಳಿಬಿಡುತ್ತೇನೆ. ಜರ್ಮನ್ನರಿಗೆ ಎರಡು ಮೂರು ಹೆಸರಿರುತ್ತಿದ್ದವು, ಕರೆಯುವುದು ಒಂದನ್ನು. ಯೋಹಾನ್ ಫ್ರೀಡ್ರಿಖ್ ವಿಲ್‌ಹೆಲ್ಮ್ ಎಂಬಾತ ಹಡಗಿನಲ್ಲಿ ಯೋಹಾನ್, ಜನಗಣತಿಯಲ್ಲಿ ಫ್ರೆಡ್, ಕಲ್ಲಿನ ಮೇಲೆ ವಿಲಿಯಂ ಆಗಿರಬಹುದು, ಮೂವರಲ್ಲ, ಒಬ್ಬನೇ. ಮನೆತನದ ಹೆಸರೂ ಹಾಗೆಯೇ: ಶ್ಮಿಟ್ ಸ್ಮಿತ್ ಆದ, ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆದ, ಶ್ನೈಡರ್ ಒಂದು ಕವಲಿನಲ್ಲಿ ಸ್ನೈಡರ್, ಇನ್ನೊಂದರಲ್ಲಿ ಟೇಲರ್. 1917-18ರಲ್ಲಿ ಜರ್ಮನ್ನರ ಮೇಲೆ ಸಿಟ್ಟೆದ್ದಾಗ ಒಬ್ಬ ಮಗ ಹೆಸರು ಬದಲಿಸಿ, ಉಳಿದವರು ಹಳೆಯದನ್ನೇ ಇಟ್ಟುಕೊಂಡಿರುವುದುಂಟು. ಬ-ಪ, ಡ-ಟ, ಗ-ಕ ಅದಲುಬದಲಾಗುತ್ತವೆ. ಜರ್ಮನ್ ‘ಜೆ’ ಅಕ್ಷರ ‘ಯ’ ಆಗಿ, ‘ಡಬ್ಲ್ಯು’ ‘ವ’ ಆಗಿ ಕೇಳುತ್ತದೆ. ಇಲ್ಲಿ ನಿಮಗೊಂದು ಅನುಕೂಲವಿದೆ: ವಯಸ್ಸಾದ ಬಂಧುಗಳು ಊರಿನ ಹೆಸರು ಉಚ್ಚರಿಸಿದಾಗ ಅದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಸ್ಪೆಲ್ಲಿಂಗ್ ಕಲಸಿಬಿಡುವ ಸ್ವರಗಳು ಕನ್ನಡ ಲಿಪಿಯಲ್ಲಿ ಬಹುಮಟ್ಟಿಗೆ ಹಾಗೇ ನಿಲ್ಲುತ್ತವೆ. ಆಮೇಲೆ ಆ ಉಚ್ಚಾರವನ್ನು ಹಿಡಿದು ಜರ್ಮನ್ ಕಾಗುಣಿತ ಊಹಿಸುವುದು ಸುಲಭ.

ಎಂಟು ಕವಲುಗಳನ್ನು ಕೆಳಗಿಳಿಸುವುದು

ಮೇಲಕ್ಕೆ ಹತ್ತುವುದಕ್ಕಿಂತ ಕೆಳಗಿಳಿಯುವುದು ಕಷ್ಟ, ಏಕೆಂದರೆ ಹೆಣ್ಣುಮಕ್ಕಳ ಹೆಸರು ಪ್ರತಿ ತಲೆಮಾರಿನಲ್ಲೂ ಬದಲಾಗುತ್ತದೆ, ಗಂಡುಮಕ್ಕಳು ಪಶ್ಚಿಮಕ್ಕೆ ಹೊರಟುಬಿಡುತ್ತಾರೆ. ಮೊದಲು ಎಂಟೂ ಮಕ್ಕಳ ಸಾವಿನ ಸುದ್ದಿಯನ್ನು ಪತ್ರಿಕೆಗಳಲ್ಲಿ ಹುಡುಕಿ. ಅಮೆರಿಕದ ಶ್ರದ್ಧಾಂಜಲಿ ಸುದ್ದಿಯ ಕೊನೆಯ ವಾಕ್ಯ ವಂಶವೃಕ್ಷವಿದ್ದಂತೆ: ‘ಅಗಲಿದವರಿಗೆ ಇಬ್ಬರು ಮಕ್ಕಳು, ನೆಬ್ರಾಸ್ಕಾದಲ್ಲಿ ಒಬ್ಬ ತಮ್ಮ, ಇಂಥವರ ಪತ್ನಿಯಾದ ತಂಗಿ ಇದ್ದಾರೆ.’ ತಂಗಿಯ ಗಂಡನ ಮನೆಯ ಹೆಸರು ಬೇಕಿದ್ದರೆ ಅಣ್ಣನ ಸಾವಿನ ಸುದ್ದಿ ಓದಬೇಕು. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ದಲ್ಲಿ ಹಳೆಯ ಪತ್ರಿಕೆಗಳು ಉಚಿತ, ಕೆಲವು ಜರ್ಮನ್ ಭಾಷೆಯವೂ ಇವೆ.

ಇನ್ನೂ ಒಳ್ಳೆಯದು ಕೌಂಟಿ ನ್ಯಾಯಾಲಯದ ಉಯಿಲು-ಆಸ್ತಿ ಕಡತ. ಮಕ್ಕಳಿಲ್ಲದೆ ಸತ್ತ ಮಗನೋ ಮದುವೆಯಾಗದ ಮಗಳೋ ಇದ್ದರೆ ನಿಮ್ಮ ಅದೃಷ್ಟ. ಅವರ ಆಸ್ತಿ ಅಣ್ಣತಮ್ಮ-ಅಕ್ಕತಂಗಿಯರಿಗೆ, ಅವರಿಲ್ಲದಿದ್ದರೆ ಅವರ ಮಕ್ಕಳಿಗೆ ಹೋಗಬೇಕಾದ್ದರಿಂದ, ವಕೀಲ ಎಲ್ಲ ವಾರಸುದಾರರ ಹೆಸರು, ಊರುಗಳನ್ನು ಪಟ್ಟಿಮಾಡಿರುತ್ತಾನೆ. ಮದುವೆಯಾಗದ ಮೇಲೆ ಅವರಿಗೇನು ವಂಶ ಎಂದು ಜನ ಬಿಟ್ಟುಬಿಡುವ ಕಡತ ಇದೇ.

ಜನಗಣತಿಯಲ್ಲಿ 1950ರವರೆಗೆ ಬರಬಹುದು, ಅದು 72 ವರ್ಷದ ಗುಟ್ಟಿನ ಅವಧಿ ಮುಗಿದು 2022ರಲ್ಲಿ ತೆರೆಯಿತು. ನಡುವೆ 1890ರದು ಇಲ್ಲ, 1921ರ ಬೆಂಕಿಯಿಂದಾಗಿ ಬಹುಪಾಲು ಹೋಯಿತು. 1900ರದರಲ್ಲಿ ವಲಸೆ ಬಂದ ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದಿರುತ್ತದೆ. ‘ಹೆತ್ತದ್ದು 10, ಇರುವುದು 8’ ಎಂದಿದ್ದರೆ ಇನ್ನಿಬ್ಬರನ್ನು ಸ್ಮಶಾನದಲ್ಲಿ ಹುಡುಕಿ. 1942ರಲ್ಲಿ ಹಿರಿಯ ಗಂಡಸರ ಸೈನ್ಯ ನೋಂದಣಿ ನಡೆಯಿತು, 1877ರಿಂದ 1897ರ ನಡುವೆ ಹುಟ್ಟಿದವರದು. ‘ನಿಮ್ಮ ವಿಳಾಸ ಸದಾ ತಿಳಿದಿರುವವರು ಯಾರು’ ಎಂಬ ಕಾಲಂ ಅದರಲ್ಲಿದೆ. ಕಳೆದುಹೋದ ಕವಲನ್ನು ಮತ್ತೆ ಹಿಡಿಯಲು ಇಷ್ಟು ಸಾಕು. ಪಶ್ಚಿಮಕ್ಕೆ ಹೋದ ಮಗ 1862ರ ಹೋಮ್‌ಸ್ಟೆಡ್ ಕಾಯಿದೆಯಡಿ ಜಮೀನು ಪಡೆದಿದ್ದರೆ ಅವನ ಕಡತ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುತ್ತದೆ. ಪೌರತ್ವ ತೋರಿಸಬೇಕಿದ್ದರಿಂದ ಆ ಕಾಗದದ ಪ್ರತಿಯೂ ಒಳಗಿರಬಹುದು.

ಲೆಕ್ಕಕ್ಕೆ ಒಂದು ಕಂಪ್ಯೂಟರ್ ಹಾಳೆ ಸಾಕು, ಆದರೆ ಸಂಖ್ಯೆ ಕೊಡುವ ಕ್ರಮ ಮೊದಲ ದಿನವೇ ಗಟ್ಟಿಯಾಗಲಿ. ಡಾಬೊವಿಲ್ ಕ್ರಮ ಸುಲಭ: ಮೂಲ ದಂಪತಿ 1, ಅವರ ಮೂರನೇ ಮಗು 1.3, ಆ ಮಗುವಿನ ಎರಡನೇ ಮಗು 1.3.2. ಸಂಖ್ಯೆ ನೋಡಿದರೆ ತಲೆಮಾರು, ಕವಲು ಎರಡೂ ತಿಳಿಯುತ್ತವೆ. ಎಂಟರಲ್ಲಿ ಐವರಿಗೆ ಮಕ್ಕಳಾಗಿ, ತಲಾ ನಾಲ್ಕು ಎಂದರೆ 20. ಅವರಿಗೆ ತಲಾ ಮೂರು, 60. ನಿಮ್ಮ ಹೆಂಡತಿಯ ತಲೆಮಾರಿಗೆ ಬರುವಷ್ಟರಲ್ಲಿ ತಲಾ ಎರಡೂವರೆಯ ಲೆಕ್ಕದಲ್ಲಿ 150, ಅವರ ಮಕ್ಕಳು 300. ಇಷ್ಟು ಜನ ಎಂದು ಮೊದಲೇ ಗೊತ್ತಿದ್ದರೆ ಪಾರ್ಕಿನ ಮಂಟಪ ಯಾವ ಅಳತೆಯದು ಬೇಕೆಂದೂ ಗೊತ್ತಾಗುತ್ತದೆ.

ಡಿಎನ್‌ಎ ಪರೀಕ್ಷೆಯನ್ನು ನಿಮ್ಮ ಹೆಂಡತಿಗಿಂತ ಮೊದಲು ಬದುಕಿರುವ ಅತಿ ಹಿರಿಯರಿಗೆ ಮಾಡಿಸಿ. ನಿಮ್ಮ ಹೆಂಡತಿಗೆ ಉಳಿದ ಕವಲಿನ ಸಮವಯಸ್ಕರು ಮೂರನೇ ಸುತ್ತಿನ ದಾಯಾದಿಗಳು. ಅಂಥ ಇಬ್ಬರಲ್ಲಿ ಪತ್ತೆಹಚ್ಚುವಷ್ಟು ಡಿಎನ್‌ಎ ಸಮಾನವಾಗಿರುವ ಸಾಧ್ಯತೆ ಸುಮಾರು ನೂರಕ್ಕೆ 90. ಒಂದು ತಲೆಮಾರು ಕೆಳಗಿಳಿದು ನಾಲ್ಕನೇ ಸುತ್ತಿಗೆ ಬಂದರೆ ಅದು ಅರ್ಧಕ್ಕೆ ಕುಸಿಯುತ್ತದೆ. ಹಾಗಾಗಿ ಹೊಂದಿಕೆ ಕಾಣದಿದ್ದರೆ ‘ಸಂಬಂಧವಿಲ್ಲ’ ಎಂದು ತೀರ್ಮಾನಿಸಬೇಡಿ. ಇನ್ನೊಂದು ಎಚ್ಚರಿಕೆ: ಪರೀಕ್ಷೆ ಕೆಲವೊಮ್ಮೆ ಯಾರೂ ಕೇಳದ ಸತ್ಯಗಳನ್ನು ಹೊರಹಾಕುತ್ತದೆ. ಮಾದರಿ ಕೊಡುವವರಿಗೆ ಇದನ್ನು ಮೊದಲೇ ಹೇಳಿ, ಒಪ್ಪಿಗೆ ಪಡೆದೇ ಕೊಳವೆ ಕೈಗಿಡಿ.

ಅಪರಿಚಿತ ದಾಯಾದಿಗೆ ಮೊದಲ ಪತ್ರ ಅಂಚೆಯಲ್ಲೇ ಹೋಗಲಿ, ಒಂದು ಪುಟ ಮೀರದಿರಲಿ. ಮೂಲ ದಂಪತಿಯ ಸಮಾಧಿಕಲ್ಲಿನ ಚಿತ್ರ, ನೀವು ಯಾವ ಮಗುವಿನ ಕವಲು, ಅವರು ಯಾವ ಕವಲು, ಒಂದೇ ಪ್ರಶ್ನೆ: ಹಳೆಯ ಜರ್ಮನ್ ಬೈಬಲ್, ಪತ್ರ, ಫೋಟೊ ನಿಮ್ಮ ಕಡೆ ಯಾರ ಬಳಿಯಾದರೂ ಇದೆಯೇ? ಹುಟ್ಟಿದ ದಿನಾಂಕ, ತಾಯಿಯ ತವರಿನ ಹೆಸರು ಕೇಳಬೇಡಿ. ಅವು ಬ್ಯಾಂಕಿನ ಗುಟ್ಟಿನ ಪ್ರಶ್ನೆಗಳು, ಕೇಳಿದೊಡನೆ ಮೋಸಗಾರನೆಂದುಕೊಳ್ಳುತ್ತಾರೆ. ಸ್ಟಾಂಪು ಹಚ್ಚಿದ ಮರುಕವರು ಜೊತೆಗಿರಲಿ. ಎಪ್ಪತ್ತೈದು ದಾಟಿದವರಿಗೆ ಮೊದಲು ಬರೆಯಿರಿ. ಉಳಿದವರು ಮುಂದಿನ ವರ್ಷವೂ ಸಿಗುತ್ತಾರೆ.

ಊರು ಸಿಕ್ಕಿತು ಎಂದುಕೊಂಡಾಗ

ಒಂದು ಹೆಸರು ಕೈಗೆ ಬಂದೊಡನೆ ಮೈಯರ್ಸ್ ಗ್ಯಾಸೆಟಿಯರ್ ತೆರೆಯಿರಿ. 1912ರ ಸುಮಾರಿನ ಜರ್ಮನ್ ಸಾಮ್ರಾಜ್ಯದ ಊರುಗಳ ಪಟ್ಟಿ ಅದು, ಅಂತರ್ಜಾಲದಲ್ಲಿ ಉಚಿತ. ನೊಯೆನ್‌ಕಿರ್ಖೆನ್, ನೊಯ್‌ಷ್ಟಾಟ್‌ಗಳು ನಮ್ಮ ಹೊಸಹಳ್ಳಿಗಳಿದ್ದಂತೆ, ಸೀಮೆಗೊಂದು. ಹಳ್ಳಿಗೆ ಸ್ವಂತ ಚರ್ಚಿತ್ತೋ, ಪಕ್ಕದ ಊರಿಗೆ ಹೋಗುತ್ತಿದ್ದರೋ ಎನ್ನುವುದು ಅಲ್ಲಿಂದಲೇ ತಿಳಿಯಬೇಕು. ರಿಜಿಸ್ಟರು ಚರ್ಚಿನ ಊರಿನ ಹೆಸರಿನಲ್ಲಿರುತ್ತದೆ, ಹಳ್ಳಿಯ ಹೆಸರಿನಲ್ಲಲ್ಲ.

ಪ್ರಾಟೆಸ್ಟೆಂಟ್ ರಿಜಿಸ್ಟರುಗಳಿಗೆ ‘ಆರ್ಖಿಯೋನ್’ ತಾಣ, ಹಣ ಕೊಡಬೇಕು. ಕ್ಯಾಥೊಲಿಕ್ ಆದರೆ ‘ಮಾಟ್ರಿಕುಲಾ’, ಉಚಿತ. ಫ್ಯಾಮಿಲಿಸರ್ಚ್ ಎಂಬ ಉಚಿತ ವಂಶಾವಳಿ ತಾಣದಲ್ಲಿ ಎರಡೂ ಅಷ್ಟಿಷ್ಟು ಇವೆ, ಕೆಲವು ಅವರ ಕೇಂದ್ರಕ್ಕೆ ಹೋದರೆ ಮಾತ್ರ ತೆರೆಯುತ್ತವೆ. ಊರಿನ ಎಲ್ಲ ಕುಟುಂಬಗಳನ್ನೂ ಜೋಡಿಸಿಟ್ಟ ಗ್ರಾಮ-ವಂಶಾವಳಿ ಇದ್ದರೆ ತಿಂಗಳುಗಳ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಕಂಪ್‌ಗೆನ್ ಎಂಬ ಜರ್ಮನ್ ವಂಶಾವಳಿ ಸಂಘದ ಜಾಲತಾಣದಲ್ಲಿ ಅಂಥವು ಬಹಳ ಇವೆ. ಪೊಮೆರಾನಿಯಾ ಎಂದು ಖಚಿತವಾದರೆ ದಾರಿ ಕವಲೊಡೆಯುತ್ತದೆ. ಓಡರ್ ನದಿಯ ಪೂರ್ವದ ಭಾಗ 1945ರಿಂದ ಪೋಲೆಂಡ್. ನಾವ್‌ಗಾರ್ಡ್ ಈಗ ನೊವೊಗಾರ್ಡ್, ರೇಗೆನ್‌ವಾಲ್ಡೆ ಈಗ ರೆಸ್ಕೊ, ಗ್ರೈಫೆನ್‌ಬರ್ಗ್ ಈಗ ಗ್ರಿಫಿಟ್ಸೆ. ಬಹಳ ರಿಜಿಸ್ಟರುಗಳು ಯುದ್ಧದ ಕೊನೆಯಲ್ಲಿ ಹಾಳಾದವು, ಉಳಿದವು ಷ್ಟೆಟಿನ್ (ಈಗ ಶ್ಚೆಚಿನ್), ಕೋಸ್ಲಿನ್ (ಈಗ ಕೊಶಾಲಿನ್) ಊರುಗಳ ಪೋಲಿಷ್ ಪತ್ರಾಗಾರಗಳಲ್ಲಿ, ಗ್ರೈಫ್ಸ್‌ವಾಲ್ಡ್‌ನಲ್ಲಿ, ಬರ್ಲಿನ್‌ನಲ್ಲಿ ಚದುರಿವೆ. ಪೋಲಿಷ್ ಪತ್ರಾಗಾರಗಳ ‘ಶುಕಾಯ್ ವ ಆರ್ಖಿವಾಖ್’ ತಾಣ ಉಚಿತ. ‘ಪೊಮ್ಮರ್ಶರ್ ಗ್ರೈಫ್’ ಎಂಬ ಪೊಮೆರಾನಿಯಾ ವಂಶಾವಳಿ ಸಂಘದವರಿಗೆ ಯಾವ ಊರಿನದು ಎಲ್ಲಿ ಉಳಿದಿದೆ ಎನ್ನುವ ತಿಳಿವಳಿಕೆ ಚೆನ್ನಾಗಿದೆ.

ಓದುವುದು ಬೇರೆಯೇ ಕಸರತ್ತು. ಕುರ್ರೆಂಟ್ ಎಂಬ ಆ ಕೈಬರಹ, ಹಳೆಯ ದಫ್ತರಗಳ ಮೋಡಿ ಲಿಪಿ ನೋಡಿದವರಿಗೆ ಅರ್ಥವಾಗುವಂಥ ತಲೆನೋವು. ಅದರ ‘ಇ’ ನಮ್ಮ ಕಣ್ಣಿಗೆ ‘ಎನ್’ ಆಗಿ ಕಾಣುತ್ತದೆ, ‘ಯು’ ತಲೆಯ ಮೇಲೆ ಕೊಂಡಿ ಹೊತ್ತಿರುತ್ತದೆ, ಉದ್ದನೆಯ ‘ಎಸ್’ ‘ಎಫ್’ನಂತಿರುತ್ತದೆ. ಆ ಪಾದ್ರಿ ಪದೇಪದೇ ಬರೆಯುವ ಹತ್ತು ಪದಗಳಿಂದ ಶುರುಮಾಡಿ: ಗೆಬೋರೆನ್ ಹುಟ್ಟಿದ್ದು, ಗೆಟೌಫ್ಟ್ ದೀಕ್ಷಾಸ್ನಾನ, ಗೆಷ್ಟೋರ್ಬೆನ್ ಸತ್ತದ್ದು, ವಿಟ್ವೆ ವಿಧವೆ, ಹೀಗೆ. ಅವನ ಅಕ್ಷರ ಆ ಪದಗಳಲ್ಲಿ ಹೇಗಿದೆಯೆಂದು ನೋಡಿಕೊಂಡು ಹೆಸರಿಗೆ ಹೋಗಿ. ಟ್ರಾನ್ಸ್‌ಕ್ರಿಬುಸ್‌ನಂಥ ತಂತ್ರಾಂಶ ಸಾಲುಗಳನ್ನು ಚೆನ್ನಾಗಿ ಓದಿಕೊಡುತ್ತದೆ, ಎಡವುವುದು ನಿಮಗೆ ಬೇಕಾದ ಊರು-ಹೆಸರುಗಳಲ್ಲೇ. ದಿನಾಂಕದಲ್ಲಿ ‘7ಬರ್’ ಎಂದಿದ್ದರೆ ಏಳನೇ ತಿಂಗಳಲ್ಲ, ಸೆಪ್ಟೆಂಬರ್, 8ಬರ್ ಅಕ್ಟೋಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು, ಅಷ್ಟೇ ಗುಟ್ಟು.

ಅತಿ ದೊಡ್ಡ ತಪ್ಪು ನಡೆಯುವುದು ಹೆಸರು ಸಿಕ್ಕ ಸಂಭ್ರಮದಲ್ಲಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಹತ್ತು ವರ್ಷದೊಳಗೆ ಹುಟ್ಟಿರುವುದು ಸಾಮಾನ್ಯ. ಕೂಸು ಸತ್ತರೆ ಮುಂದಿನ ಕೂಸಿಗೆ ಅದೇ ಹೆಸರಿಡುತ್ತಿದ್ದರು. ಹಾಗಾಗಿ ಜನನದ ನಮೂದು ಸಿಕ್ಕ ಮೇಲೆ ಅದೇ ಊರಿನ ಮರಣದ ಪುಸ್ತಕವನ್ನು, ಅವರು ಊರು ಬಿಟ್ಟ ವರ್ಷದವರೆಗೆ, ಪುಟಪುಟ ತಿರುವಿ ಆ ಮಗು ಸತ್ತಿಲ್ಲವೆಂದು ಖಾತ್ರಿಮಾಡಿಕೊಳ್ಳಿ. ಹುಟ್ಟಿದ ದಿನ, ತಂದೆತಾಯಿ ಇಬ್ಬರ ಹೆಸರು, ಅಮೆರಿಕಕ್ಕೆ ಬಂದ ಒಬ್ಬ ಒಡಹುಟ್ಟಿದವರು, ಈ ಮೂರೂ ಕೂಡಿದರೆ ಒಪ್ಪಿ. ಎರಡು ಕೂಡಿದರೆ ಪೆನ್ಸಿಲಿನಲ್ಲಿ ಬರೆದಿಡಿ.

ಅಲ್ಲೇ ಉಳಿದ ಅಣ್ಣತಮ್ಮಂದಿರ ಇಂದಿನ ಸಂತತಿಯೂ ಬೇಕಿದ್ದರೆ 1874ರ ನಂತರದ ಸರ್ಕಾರಿ ನೋಂದಣಿ ನೆರವಾಗುತ್ತದೆ. ಜರ್ಮನಿಯಲ್ಲಿ ಜನನ 110, ಮದುವೆ 80, ಮರಣ 30 ವರ್ಷ ಕಳೆದರೆ ಮುಕ್ತ. ಪೋಲೆಂಡಿನಲ್ಲಿ ಜನನ 100, ಉಳಿದೆರಡು 80. ಚರ್ಚಿಗೋ ಪತ್ರಾಗಾರಕ್ಕೋ ಬರೆಯುವ ಪತ್ರದಲ್ಲಿ ಒಬ್ಬ ವ್ಯಕ್ತಿ, ಒಂದು ಪ್ರಶ್ನೆ, ಅಂದಾಜು ವರ್ಷ, ಶುಲ್ಕ ಕೊಡುತ್ತೇವೆಂಬ ಮಾತು ಇಷ್ಟೇ ಇರಲಿ, ಜರ್ಮನ್ ಭಾಷೆಯಲ್ಲಿ. ‘ನಮ್ಮ ವಂಶದ ಎಲ್ಲ ಮಾಹಿತಿ ಕಳಿಸಿ’ ಎಂದು ಬರೆದರೆ ಪತ್ರ ಮೇಜಿನ ತಳಕ್ಕೆ ಹೋಗುತ್ತದೆ.

ಕೂಟದ ತಯಾರಿ

ಎರಡು ವರ್ಷವಿದೆ ಎಂದಿರಿ, ಸಾಕು. ಮಕ್ಕಳಾದ ಪ್ರತಿ ಕವಲಿಗೂ ಒಬ್ಬ ಮುಂದಾಳನ್ನು ಹಿಡಿಯಿರಿ. ಆ ಕವಲಿನ ವಿಳಾಸ, ತಿದ್ದುಪಡಿ, ಹಣ ಎಲ್ಲ ಅವರ ಜವಾಬ್ದಾರಿ. ಎಲ್ಲವನ್ನೂ ಒಬ್ಬರೇ ಹೊತ್ತ ಕೂಟಗಳು ಒಂದೇ ಸಲಕ್ಕೆ ನಿಂತುಹೋಗುತ್ತವೆ. ದಿನಾಂಕವನ್ನು ಹದಿನೆಂಟು ತಿಂಗಳು ಮೊದಲು ನಿರ್ಧರಿಸಿ, ಹನ್ನೆರಡು ತಿಂಗಳಿಗೆ ಮೊದಲ ಸೂಚನೆ, ಆರು ತಿಂಗಳಿಗೆ ನೋಂದಣಿ. ಜುಲೈ 4ರ ವಾರ ಬೇಡ. ಹೋಟೆಲು ದುಬಾರಿ, ಎಲ್ಲರಿಗೂ ಬೇರೆ ಕಾರ್ಯಕ್ರಮವಿರುತ್ತದೆ. ಪಾರ್ಕಿನ ಮಂಟಪ ಕಾದಿರಿಸುವಿಕೆ ಯಾವ ದಿನ ತೆರೆಯುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ, ವಿಮೆಯ ಪತ್ರ ಬೇಕೇ ಎಂದೂ. ಕರೆದವರಲ್ಲಿ ಮೂರನೇ ಒಂದು ಪಾಲು ಬರುತ್ತಾರೆಂದು ಮಂಟಪ ಹಿಡಿಯಿರಿ, ನೋಂದಣಿ ಬಂದಮೇಲೆ ತಿದ್ದಿಕೊಳ್ಳಿ. ಹಣಕ್ಕೆ ಪ್ರತ್ಯೇಕ ಖಾತೆ, ಇಬ್ಬರ ಸಹಿ, ತಲೆಗಲ್ಲ ಮನೆಗಿಷ್ಟು ಎಂಬ ಶುಲ್ಕ. ತಲೆಲೆಕ್ಕ ಹಾಕಿದರೆ ಮಕ್ಕಳೊಂದಿಗರು ಬರುವುದಿಲ್ಲ.

ಗೋಡೆಯ ವಂಶನಕ್ಷೆಯ ಅಳತೆಯನ್ನು ಮುದ್ರಣದ ಮೊದಲು ಲೆಕ್ಕ ಹಾಕಿ. ಕೊನೆಯ ತಲೆಮಾರಿನ 300 ಹೆಸರನ್ನು ಒಂದೇ ಹಾಳೆಯಲ್ಲಿ ಹಾಕಿದರೆ, ಹೆಸರಿಗೆ 1.2 ಸೆಂ.ಮೀ. ಹಿಡಿದರೂ, 3.6 ಮೀಟರ್ ಎತ್ತರವಾಗಿ ಮೇಲಿನವರ ಹೆಸರು ಓದಲು ಏಣಿ ಬೇಕಾದೀತು. ಕವಲಿಗೊಂದು ಹಾಳೆ ಮಾಡಿದರೆ ಸುಮಾರು 60 ಹೆಸರು, 72 ಸೆಂ.ಮೀ.; 36 ಇಂಚಿನ ಪ್ಲಾಟರ್ (ದೊಡ್ಡ ಹಾಳೆಯ ಮುದ್ರಣಯಂತ್ರ) ಕಾಗದದ 91 ಸೆಂ.ಮೀ.ಯಲ್ಲಿ ಕೂರುತ್ತದೆ, 18 ಪಾಯಿಂಟ್ ಅಕ್ಷರದಲ್ಲಿ ಅಜ್ಜಿಯರಿಗೂ ಕಾಣುತ್ತದೆ. ಬದುಕಿರುವವರ ಹುಟ್ಟಿದ ದಿನಾಂಕ ನಕ್ಷೆಯಲ್ಲಿ ಬೇಡ. ಪಕ್ಕದಲ್ಲಿ ಅಂಗೈಯಗಲ ಖಾಲಿ ಜಾಗ ಬಿಟ್ಟು, ದಾರದಲ್ಲಿ ಕೆಂಪು ಪೆನ್ನು ಕಟ್ಟಿ. ತಿದ್ದಿದವರು ಸಹಿ ಹಾಕಬೇಕು, ಇಲ್ಲದಿದ್ದರೆ ಆಮೇಲೆ ಯಾರನ್ನು ಕೇಳುವಿರಿ? ಎದೆಯ ಚೀಟಿಯ ಬಣ್ಣ ಕವಲಿನದು, ಹೆಸರಿನ ಕೆಳಗೆ ವಂಶಸಂಖ್ಯೆ.

ಸ್ಕ್ಯಾನಿಂಗ್ ಮೇಜು ಈ ಕೂಟದ ಗರ್ಭಗುಡಿ. ನೆರಳಿನಲ್ಲಿ, ವಿದ್ಯುತ್ ಇರುವ ಕಡೆ, ಎರಡು ಸ್ಕ್ಯಾನರ್, ನಾಲ್ವರು ಪಾಳಿಯಲ್ಲಿ. ಫೋಟೊ 600 ಡಿಪಿಐ, ಬರಹ 300. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ: ಹಳೆಯ ದಪ್ಪರಟ್ಟಿನ ಫೋಟೊಗಳ ಬೆನ್ನಿಗೆ ಸ್ಟುಡಿಯೊದ ಹೆಸರು, ಊರು ಅಚ್ಚಾಗಿರುತ್ತದೆ, ಅದು ಜರ್ಮನಿಯ ಊರಾಗಿದ್ದರೆ ಹುಟ್ಟೂರು ಅಲ್ಲಿಂದ ಒಂದು ದಿನದ ಗಾಡಿದಾರಿಯೊಳಗೆ ಇರುವ ಸಂಭವ ಹೆಚ್ಚು. ಮೂಲವನ್ನು ಅಲ್ಲೇ, ಆಗಲೇ ಮಾಲೀಕರ ಕೈಗೆ ಮರಳಿಸಿ. ‘ಮನೆಗೆ ಒಯ್ದು ಮಾಡಿಕೊಡುತ್ತೇನೆ’ ಎಂದ ಆಲ್ಬಮ್ಮುಗಳಿಂದ ಎಷ್ಟು ಕವಲುಗಳು ಮಾತು ಬಿಟ್ಟಿವೆಯೋ. ಗಂಟೆಗೆ ನಲವತ್ತು ಚಿತ್ರ ಎಂದು ಲೆಕ್ಕ ಹಿಡಿದು, ಏನೇನು ತರುತ್ತಾರೆಂದು ನೋಂದಣಿಯಲ್ಲೇ ಕೇಳಿ. ಹಿರಿಯರನ್ನು ಪ್ರತ್ಯೇಕ ಕೂರಿಸಿ ಇಪ್ಪತ್ತು ನಿಮಿಷದ ಧ್ವನಿಮುದ್ರಣ ಮಾಡಿಕೊಳ್ಳಿ, ಕೈಗೊಂದು ಹಳೆಯ ಫೋಟೊ ಕೊಟ್ಟು. ‘ನಿಮ್ಮ ಕತೆ ಹೇಳಿ’ ಎಂದರೆ ಮಾತು ಹೊರಡುವುದಿಲ್ಲ, ‘ಈ ಕುದುರೆ ಯಾರದು’ ಎಂದರೆ ನಿಲ್ಲುವುದಿಲ್ಲ.

ಗುಂಪುಚಿತ್ರ ಊಟಕ್ಕೆ ಮೊದಲು, ಹನ್ನೊಂದೂವರೆಗೆ; ಉಂಡ ಮೇಲೆ ವಯಸ್ಸಾದವರು ಹೊರಟುಬಿಡುತ್ತಾರೆ. ಊಟಕ್ಕೆ ವಿಸ್ಕಾನ್ಸಿನ್‌ನಲ್ಲಿ ಬ್ರಾಟ್‌ವುರ್ಸ್ಟ್ (ಮಾಂಸದ ಸಾಸೇಜು) ಸುಡದೆ ಬಿಡುವುದಿಲ್ಲ. ನೂರು ಜನಕ್ಕೆ ನೂರೈವತ್ತು, ಆಲೂಗಡ್ಡೆ ಸಲಾಡ್ ಹದಿನೈದು ಕಿಲೊ. ನಿಮ್ಮ ಚಿತ್ರಾನ್ನದ ಪಾತ್ರೆಗೂ ಅಲ್ಲೇ ಜಾಗ ಮಾಡಿಕೊಳ್ಳಿ, ಸಸ್ಯಾಹಾರಿ ಮೊಮ್ಮಕ್ಕಳು ಈಗ ಎಲ್ಲ ಕವಲಲ್ಲೂ ಇದ್ದಾರೆ.

ಅಷ್ಟರೊಳಗೆ ಊರು ಸಿಗದಿದ್ದರೂ ಕೂಟ ಮುಂದೂಡಬೇಡಿ. ನಕ್ಷೆಯ ಮೊದಲ ಮನೆಯಲ್ಲಿ ದಂಪತಿಯ ಹೆಸರಿನ ಕೆಳಗೆ ‘ಹುಟ್ಟೂರು’ ಎಂದು ಅಚ್ಚುಹಾಕಿ ಜಾಗ ಖಾಲಿ ಬಿಡಿ, ಅದಕ್ಕೂ ಒಂದು ಪೆನ್ನು ಕಟ್ಟಿ, ಸ್ಕ್ಯಾನಿಂಗ್ ಮೇಜನ್ನು ಅದರ ಪಕ್ಕದಲ್ಲೇ ಇಡಿ.